ವಿಕಟಕವಿಗೆ ಸೋತ ಕಂಪ್ಯೂಟರ್: ಕೋಡ್ ಬರೆಯುವ ಕನ್ನಡಿಗರ ಕೈಯಲ್ಲಿದೆ ಅಕ್ಷರದ ಮಾನ

ಪುಣೆ: ತೆನಾಲಿ ರಾಮಕೃಷ್ಣನ ಕಥೆ ಕೇಳಿ ಬೆಳೆದ ಕನ್ನಡದ ಮಕ್ಕಳಿಗೆಲ್ಲ ‘ವಿಕಟಕವಿ’ ಎಂಬ ಪದ ಗೊತ್ತು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ವಿಕಟಕವಿಯೇ. ಆದರೆ ಹಿಂಜೆವಾಡಿಯ ಯಾವುದಾದರೂ ಕಚೇರಿಯಲ್ಲಿ ಕುಳಿತ ವೆಬ್ ಡೆವಲಪರ್ ಒಬ್ಬರು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟು ಈ ಪದವನ್ನು ತಿರುಗಿಸಿ ನೋಡಲಿ. ತೆರೆಯ ಮೇಲೆ ಮೊದಲಿಗೆ ಆಸರೆಯಿಲ್ಲದ ಒಂದು ಗುಡಿಸು, ಅದರ ಹಿಂದೆ ‘ವಕಟಕಿವ’ ಎಂಬ ಅರ್ಥವಿಲ್ಲದ ಪದ ಬಂದು ನಿಲ್ಲುತ್ತದೆ. ಎರಡನೇ ತರಗತಿಯ ಮಗು ಗೆಲ್ಲುವ ಆಟದಲ್ಲಿ ಕಂಪ್ಯೂಟರ್ ಸೋಲುತ್ತದೆ.

ಹೀಗೇಕೆ? ನಾವು ಈ ಪದದಲ್ಲಿ ಐದು ಅಕ್ಷರ ಎಣಿಸುತ್ತೇವೆ. ಕಂಪ್ಯೂಟರ್ ಏಳು ಎಣಿಸುತ್ತದೆ. ‘ವಿ’ ಎಂಬುದು ನಮಗೆ ಒಂದೇ ಅಕ್ಷರವಾದರೆ ಅದಕ್ಕೆ ‘ವ’ ಬೇರೆ, ಗುಡಿಸು ಬೇರೆ. ‘ಲಕ್ಷ್ಮಿ’ ನಮಗೆ ಎರಡಕ್ಷರ, ಯಂತ್ರದ ಲೆಕ್ಕದಲ್ಲಿ ಏಳು. ಆಪಲ್ ಕಂಪನಿ 2014ರಲ್ಲಿ ಹೊರತಂದ ಸ್ವಿಫ್ಟ್ ಭಾಷೆ ಮಾತ್ರ ಮೂಲಾಕ್ಷರವನ್ನೂ ಅದಕ್ಕೆ ಅಂಟಿದ ಗುಣಿತ ಚಿಹ್ನೆಯನ್ನೂ ಕೂಡಿಸಿಯೇ ಎಣಿಸುತ್ತದೆ. ಆದ್ದರಿಂದ ಅದರಲ್ಲಿ ವಿಕಟಕವಿ ತಿರುಗಿಸಿದರೂ ವಿಕಟಕವಿಯಾಗಿಯೇ ಉಳಿಯುತ್ತಾನೆ. ಇಂಥ ಚೋದ್ಯಗಳನ್ನು ಹುಡುಕುವುದೇ ಪ್ರೋಗ್ರಾಮಿಂಗ್ ಹುಚ್ಚು ಹತ್ತಿದ ತರುಣರಿಗೆ ಒಂದು ಮೋಜು. ಆದರೆ ಇದು ಬರೀ ಮೋಜಿನ ವಿಷಯವಲ್ಲ.

ಹೆಸರು ತುಂಡಾದಾಗ

ಒಂದು ಅರ್ಜಿ ನಮೂನೆಯಲ್ಲಿ ಹೆಸರಿಗೆ ಹತ್ತೇ ಸ್ಥಾನ ಇಟ್ಟಿದ್ದಾರೆಂದು ಊಹಿಸಿಕೊಳ್ಳಿ. ‘ಮಲ್ಲಿಕಾರ್ಜುನ’ ಕಣ್ಣಿಗೆ ಐದಕ್ಷರ, ಧಾರಾಳವಾಗಿ ಹಿಡಿಸಬೇಕು. ಆದರೆ ಯಂತ್ರದ ಲೆಕ್ಕದಲ್ಲಿ ಅದು ಹನ್ನೆರಡು. ಕೊನೆಯ ಎರಡು ಕತ್ತರಿಸಿಹೋಗಿ ‘ಮಲ್ಲಿಕಾರ್ಜ’ ಉಳಿಯುತ್ತದೆ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರಾದರೆ ಕೌಂಟರಿನ ಮುಂದೆ ನಿಂತವರ ಪಾಡೇನು ಎಂಬುದನ್ನು ವಿವರಿಸಬೇಕಾಗಿಲ್ಲ. ಮೊಬೈಲ್ ಎಸ್‌ಎಂಎಸ್‌ನಲ್ಲೂ ಇದೇ ಕಥೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ ಬರೆದರೆ 70 ಮಾತ್ರ. ಆ ಎಪ್ಪತ್ತರಲ್ಲಿ ಪ್ರತಿ ಕೊಂಬು, ಪ್ರತಿ ಒತ್ತೂ ಲೆಕ್ಕಕ್ಕೆ ಬರುತ್ತದೆ.

ಕಣ್ಣಿಗೇ ಕಾಣದ ಅಕ್ಷರವೂ ಒಂದಿದೆ. ‘ರ‍್ಯಾಲಿ’ ಎಂದು ರಕಾರಕ್ಕೆ ಯಕಾರದ ಒತ್ತು ಕೊಟ್ಟು ಬರೆಯಬೇಕಾದರೆ ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆ ಸೇರಿಸಬೇಕು. ಇಲ್ಲದಿದ್ದರೆ ಅದು ಅರ್ಕಾವತ್ತಾಗಿ ‘ರ್ಯಾಲಿ’ ಎಂದು ಮೂಡುತ್ತದೆ. ಒಬ್ಬರು ಒಂದು ರೀತಿ ಬರೆದು ಇನ್ನೊಬ್ಬರು ಇನ್ನೊಂದು ರೀತಿ ಹುಡುಕಿದರೆ, ಎದುರಿಗೇ ಇರುವ ಪದವೂ ಯಂತ್ರಕ್ಕೆ ಸಿಗದೆ ಹೋಗಬಹುದು.

ದಾರಿ ಹಾಕಿದ ಹೊರನಾಡ ಕನ್ನಡಿಗರು

ಇಷ್ಟಾದರೂ ಇಂದು ಕನ್ನಡ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಸಲೀಸಾಗಿ ಮೂಡುತ್ತಿದ್ದರೆ ಅದರ ಹಿಂದೆ ಊರು ಬಿಟ್ಟು ದೂರ ದುಡಿಯುತ್ತಿದ್ದ ಕನ್ನಡಿಗರ ಪಾಲು ದೊಡ್ಡದಿದೆ ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಮಂಗಳೂರು ಬಳಿಯ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಪ್ರೆಸ್‌ನಲ್ಲಿದ್ದು ಅಕ್ಷರಜೋಡಣೆಯ ಕೆಲಸದಲ್ಲಿ ಪಳಗಿದವರು. ಕನ್ನಡದ ನೂರಾರು ಗುಣಿತಾಕ್ಷರ, ಒತ್ತಕ್ಷರಗಳಿಗೆ ಒಂದೊಂದು ಕೀಲಿ ಕೊಡುವ ಬದಲು ಉಚ್ಚಾರದ ಕ್ರಮದಲ್ಲಿ ಮೂಲಾಕ್ಷರಗಳನ್ನಷ್ಟೇ ಒತ್ತಿದರೆ ಸಾಕು, ರೂಪವನ್ನು ಯಂತ್ರವೇ ಕಟ್ಟಿಕೊಳ್ಳಲಿ ಎಂಬುದು ಅವರ ಕೀಲಿಮಣೆಯ ಸೂತ್ರ. ಒತ್ತಕ್ಷರ ಬೇಕಾದಾಗ ನಡುವೆ ಜೋಡಿಸಲು ‘ಎಫ್’ ಕೀಲಿ. ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯೇ ಕನ್ನಡದ ಕೀಲಿಮಣೆಯಾಯಿತು. ತಾವು ರೂಪಿಸಿದ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ‘ಸೇಡಿಯಾಪು’ ಎಂದು ಕರೆದು ಉಚಿತವಾಗಿ ಹಂಚಿದರು. ಅವರ ವಿನ್ಯಾಸವೇ ಮುಂದೆ ‘ನುಡಿ’ ತಂತ್ರಾಂಶದಲ್ಲಿ ಬಳಕೆಗೆ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2013ರಲ್ಲಿ ಅವರಿಗೆ ನಾಡೋಜ ಗೌರವ ನೀಡಿತು.

ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಯಾಗಿದ್ದ ಡಾ. ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ದ ಮೂಲಕ ಕನ್ನಡವನ್ನು ಅಂತರಜಾಲಕ್ಕೆ ಕೊಂಡೊಯ್ದರು. ಅಮೆರಿಕದಲ್ಲಿ ಉದ್ಯೋಗದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ‘ಬರಹ’ ತಂತ್ರಾಂಶ ಹೊರತಂದರು. ಸಂಘದ ಆಮಂತ್ರಣ ಪತ್ರಿಕೆಯನ್ನು ಮನೆಯಲ್ಲೇ ಕುಳಿತು ಬರಹದಲ್ಲಿ ಬೆರಳಚ್ಚು ಮಾಡಿದ ನೆನಪು ಅನೇಕ ಕಾರ್ಯದರ್ಶಿಗಳಿಗೆ ಇದ್ದೀತು.

ಪುಣೆಯ ಕೊಡುಗೆ

ಈ ಕಥೆಯಲ್ಲಿ ಪುಣೆ ನಗರಕ್ಕೂ ದೊಡ್ಡ ಪಾತ್ರವಿದೆ. 1988ರಲ್ಲಿ ಇಲ್ಲಿ ಆರಂಭವಾದ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರ್ ತಯಾರಿಸಿ ಹೆಸರಾಯಿತು. ಅದೇ ಸಂಸ್ಥೆಯಲ್ಲಿ, ಕಾನ್ಪುರದ ಐಐಟಿಯಿಂದ ಬಂದ ಮೋಹನ್ ತಾಂಬೆ ಅವರ ‘ಜಿಸ್ಟ್’ ತಂಡ ಭಾರತೀಯ ಲಿಪಿಗಳನ್ನೆಲ್ಲ ಕಂಪ್ಯೂಟರಿಗೆ ಕಲಿಸಿತು. ಲಿಪಿ ಬೇರೆಯಾದರೂ ವರ್ಣಮಾಲೆಯ ಕ್ರಮ ಒಂದೇ ಎಂಬುದು ಅವರ ಆಧಾರ. 1991ರ ‘ಇಸ್ಕಿ’ ಮಾನಕದಲ್ಲಿ ಕನ್ನಡದ ‘ಕ’ಕಾರಕ್ಕೂ ಮರಾಠಿಯ ‘ಕ’ಕಾರಕ್ಕೂ ಒಂದೇ ಸಂಖ್ಯೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲೂ ಎರಡಕ್ಕೂ ಒಂದೇ ಕೀಲಿ. ಅನೇಕ ಕನ್ನಡ ಮುದ್ರಣಾಲಯಗಳು ಬಳಸಿದ ‘ಶ್ರೀಲಿಪಿ’ ಕೂಡ ಪುಣೆಯದೇ ಕಂಪನಿಯ ತಯಾರಿಕೆ.

ಇಂದು ಜಗತ್ತೇ ಬಳಸುವ ಯೂನಿಕೋಡ್‌ನಲ್ಲೂ ಆ ಕ್ರಮದ ಗುರುತು ಉಳಿದಿದೆ. ಅದರಲ್ಲಿ ಕನ್ನಡದ ‘ಕ’ 3221ನೆಯ ಸಂಖ್ಯೆ, ದೇವನಾಗರಿಯ ‘ಕ’ 2325ನೆಯದು. ವ್ಯತ್ಯಾಸ 896. ‘ಅ’ ತೆಗೆದುಕೊಳ್ಳಿ, ‘ಹ’ ತೆಗೆದುಕೊಳ್ಳಿ, ವ್ಯತ್ಯಾಸ ಅದೇ 896. ಅಂದರೆ ಕನ್ನಡದ ಪ್ರತಿ ಅಕ್ಷರದಿಂದ 896 ಕಳೆಯುತ್ತ ಹೋದರೆ ಇಡೀ ಬರಹ ದೇವನಾಗರಿಯಾಗುತ್ತದೆ. ಪೈಥಾನ್ ಭಾಷೆಯಲ್ಲಿ ಇದು ಹತ್ತು ಸಾಲೂ ಮೀರದ ಕೆಲಸ. ಮನೆಯಲ್ಲಿ ಕನ್ನಡ ಮಾತನಾಡಿ, ಶಾಲೆಯಲ್ಲಿ ದೇವನಾಗರಿ ಮಾತ್ರ ಕಲಿತ ಪುಣೆಯ ಮಗುವಿಗೆ ಊರಿನ ಅಜ್ಜಿಯ ಸಂದೇಶ ಓದಲು ಇಷ್ಟು ಸಾಕಲ್ಲವೇ?

ಅಲ್ಲೇ ಒಂದು ತೊಡಕಿದೆ. ಕನ್ನಡದಲ್ಲಿ ಎ-ಏ, ಒ-ಓ ಬೇರೆ ಬೇರೆ. ಮರಾಠಿ ಬರವಣಿಗೆಯಲ್ಲಿ ಆ ಭೇದವಿಲ್ಲ. ಹ್ರಸ್ವ ಎಕಾರ, ಒಕಾರಗಳಿಗೆ ದೇವನಾಗರಿಯಲ್ಲಿ ಸಂಖ್ಯೆಗಳು ಇವೆಯಾದರೂ ಆ ಚಿಹ್ನೆಗಳು ಮರಾಠಿ ಮಗುವಿನ ಪುಸ್ತಕದಲ್ಲಿಲ್ಲ. ನಾವು ‘ಪುಣೆ’ ಎಂದು ಹ್ರಸ್ವದಲ್ಲಿ ಬರೆಯುವ ಈ ಊರಿನ ಹೆಸರನ್ನೇ 896 ಕಳೆದು ನೋಡಿದರೆ ಮರಾಠಿಗರು ಬರೆಯುವ ಹೆಸರು ಬರುವುದಿಲ್ಲ. ಪರಿಚಿತ ಚಿಹ್ನೆಗೆ ಬದಲಾಯಿಸಿದರೆ ಅಜ್ಜಿ ಬರೆದ ‘ಕೊಡು’ ಮೊಮ್ಮಗಳ ಬಾಯಲ್ಲಿ ‘ಕೋಡು’ ಆದೀತು, ‘ಬೆಳೆ’ ಹೋಗಿ ‘ಬೇಳೆ’ ಆದೀತು. ಈ ತಪ್ಪನ್ನು ಹಿಡಿಯಲು ಕೋಡ್ ಬಂದರಷ್ಟೇ ಸಾಲದು, ಕನ್ನಡವೂ ಬರಬೇಕು.

ಕನ್ನಡದಲ್ಲೇ ಆಜ್ಞೆ

ಪ್ರೋಗ್ರಾಮಿಂಗ್ ಎಂದರೆ ಇಂಗ್ಲಿಷೇ ಎಂಬ ಭಾವನೆಯೂ ಪೂರ್ತಿ ನಿಜವಲ್ಲ. 1967ರಲ್ಲಿ ಅಮೆರಿಕದಲ್ಲಿ ಸೆಮೂರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ‘ಲೋಗೋ’ ಭಾಷೆ ರೂಪಿಸಿದರು. ಇಷ್ಟು ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು, ಹೀಗೆ ನಾಲ್ಕು ಸಲ ಮಾಡು ಎಂದರೆ ತೆರೆಯ ಮೇಲಿನ ಆಮೆ ಒಂದು ಚೌಕ ಬರೆಯುತ್ತದೆ. ಇಂಥ ಆಜ್ಞೆಗಳನ್ನು ಕನ್ನಡದಲ್ಲೇ ಕೊಡುವಂತೆ ಪವನಜ ಅವರು ‘ಕನ್ನಡ ಲೋಗೋ’ ಸಿದ್ಧಪಡಿಸಿದರು. ಅದಕ್ಕೆ 2006ರಲ್ಲಿ ಮಂಥನ್ ಪ್ರಶಸ್ತಿ ಸಂದಿತು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ‘ಅಸಲು’, ‘ದರ’, ‘ವರ್ಷ’ ಎಂದೇ ಹೆಸರಿಟ್ಟು ಬಡ್ಡಿ ಲೆಕ್ಕ ಹಾಕಬಹುದು. ಬಳಕೆದಾರರು ಕನ್ನಡ ಅಂಕಿಯಲ್ಲಿ ‘೧೦೦’ ಎಂದು ತುಂಬಿದರೂ ಪೈಥಾನ್ ಅದನ್ನು ನೂರೆಂದೇ ಪರಿವರ್ತಿಸಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ಇದು ಸಂಖ್ಯೆಯೇ ಅಲ್ಲ ಎಂದು ಕೈಚೆಲ್ಲುತ್ತದೆ. ಅಲ್ಲಿ ಅಂಕಿಗಳನ್ನು ಬದಲಿಸುವ ಒಂದೆರಡು ಸಾಲನ್ನು ಡೆವಲಪರ್ ತಾನೇ ಬರೆಯಬೇಕು. ಬರೆಯಬೇಕೆಂದು ಹೊಳೆಯುವುದು ಕನ್ನಡ ಅಂಕಿ ಗೊತ್ತಿದ್ದವರಿಗೆ.

ಹಿಂಜೆವಾಡಿ, ಖರಾಡಿಯ ಕಚೇರಿಗಳಲ್ಲಿ ದುಡಿಯುವ ನಮ್ಮ ತರುಣ ತರುಣಿಯರು ಸಂಘದ ಕಾರ್ಯಕ್ರಮಕ್ಕೆ ಬರುವುದಿಲ್ಲ ಎಂಬ ಕೊರಗು ಹಿರಿಯರಲ್ಲಿದೆ. ಹಾರ ಹಿಡಿದು ನಿಲ್ಲಲು ಕರೆಯುವ ಬದಲು ಅವರ ವಿದ್ಯೆಗೇ ಕೆಲಸ ಕೊಟ್ಟು ಕರೆಯಬಹುದಲ್ಲ. ರಾಜ್ಯೋತ್ಸವದಂದು ಸಭಾಗೃಹದ ಮೂಲೆಯಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್, ಸುತ್ತ ಹತ್ತು ಮಕ್ಕಳಿದ್ದರೆ ಸಾಕು. ವಿಕಟಕವಿಯನ್ನು ಸರಿಯಾಗಿ ತಿರುಗಿಸುವ ಆಜ್ಞೆಯನ್ನು ಮಕ್ಕಳಿಂದಲೇ ಬರೆಸಲಿ. ಅದನ್ನು ಬರೆಯಬೇಕಾದರೆ ಗುಡಿಸು ಯಾವುದು, ಕೊಂಬು ಯಾವುದು, ಒತ್ತು ಯಾವುದು ಎಂದು ಮಗು ಮೊದಲು ತಿಳಿಯಲೇಬೇಕು. ಕಂಪ್ಯೂಟರಿಗೆ ಕನ್ನಡ ಕಲಿಸಹೊರಟ ಮಗು ತಾನೇ ಕನ್ನಡ ಕಲಿತಿರುತ್ತದೆ.