ಕೊರಮೀನಿನ ಹೊಂಡಕ್ಕೆ ತಕ್ಕ ಸಣ್ಣ ಮೀನಿನ ಆಯ್ಕೆ

ಕುಚ್ಚುಮೀನು ಎಂದೂ ಮುರ್ರೆಲ್ ಎಂದೂ ಕರೆಯಲ್ಪಡುವ ಕೊರಮೀನಿಗೆ ಪೇಟೆಯಲ್ಲಿ ಯಾವಾಗಲೂ ಒಳ್ಳೆಯ ಬೆಲೆಯುಂಟು. ಕಿವಿರುಗಳ ಮೇಲ್ಭಾಗದಲ್ಲಿ ಗಾಳಿಯನ್ನು ಹೀರುವ ಅಂಗವಿರುವುದರಿಂದ ಇದು ಬಗ್ಗಡದ ನೀರಿನಲ್ಲಿಯೂ ಬದುಕುವುದು. ಒದ್ದೆಗೋಣಿಯಲ್ಲಿಟ್ಟು ಜೀವಸಹಿತವಾಗಿ ಸಂತೆಗೆ ಒಯ್ಯಬಹುದು. ಈ ಕಾರಣದಿಂದ ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳಲ್ಲಿ ಕೃಷಿ ಹೊಂಡವುಳ್ಳ ಜಮೀನುದಾರರಿಗೆ ಇದನ್ನು ಸಾಕುವ ಆಶೆ ಹುಟ್ಟುವುದು ಸಹಜವೇ. ಆದರೆ ಕೊರಮೀನು ಹುಲ್ಲು ಮೇಯುವ ದನವಲ್ಲ. ಅದರ ಮೈ ಒಂದು ಕಿಲೋ ಬೆಳೆಯಬೇಕಾದರೆ ಸಾಮಾನ್ಯವಾಗಿ ನಾಲ್ಕೈದು ಕಿಲೋ ಸಣ್ಣ ಮೀನು ಅದರ ಹೊಟ್ಟೆಗೆ ಬೀಳಬೇಕು. ಈ ಮೇವನ್ನು ಹೊಂಡದಲ್ಲಿಯೇ ಹುಟ್ಟಿಸದೆ ದೊಡ್ಡ ಮೀನನ್ನು ಬಿಟ್ಟವರಿಗೆ, ವರ್ಷಾಂತ್ಯದಲ್ಲಿ ತಲೆ ದಪ್ಪವಾಗಿ ಮೈ ಸೊರಗಿದ ನಾಲ್ಕಾರು ಮೀನುಗಳು ದೊರೆಯುವುವು. ಮಿಕ್ಕವುಗಳನ್ನು ಅವೇ ತಿಂದಿರುವುವು.

ಮೇವಿನ ಮೀನಿನಲ್ಲಿ ನೋಡತಕ್ಕ ಮೊದಲ ಗುಣವೆಂದರೆ, ಅದು ನಿಂತ ನೀರಿನಲ್ಲಿ ತಾನಾಗಿ ಮೊಟ್ಟೆಯಿಡಬೇಕು. ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಈ ಕೆಲಸಕ್ಕೆ ಬಿಡುವುದು ಶುದ್ಧ ನಷ್ಟ. ಅವು ಹರಿಯುವ ಹೊಳೆಯ ಪ್ರವಾಹದಲ್ಲಿ ಮೊಟ್ಟೆಯಿಡುವ ಜಾತಿಗಳು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಗ್ರಂಥಿರಸದ ಚುಚ್ಚುಮದ್ದಿನಿಂದ ಇಂಥ ಮೀನುಗಳನ್ನು ಕೊಳದಲ್ಲಿ ಮರಿಮಾಡಿಸಿದ ಮೇಲೆಯೇ ಮರಿಗಳು ದೇಶದಲ್ಲೆಲ್ಲ ಸುಲಭವಾಗಿ ದೊರೆಯುವಂತಾಯಿತು. ಹಣ ತೆತ್ತು ತಂದ ಮರಿ ಒಂದು ಸಲದ ಊಟವಾಗಿ ಮುಗಿಯುವುದೇ ಹೊರತು ಸಂತತಿ ನಿಲ್ಲುವುದಿಲ್ಲ.

ಎರಡನೆಯದು ಗಾತ್ರ. ಬೇಟೆಯ ಮೀನು ತನ್ನ ಬಾಯಗಲಕ್ಕೆ ಹಿಡಿಸುವುದನ್ನು ಮಾತ್ರ ನುಂಗಬಲ್ಲದು. ಆದುದರಿಂದ ಪೂರ್ಣವಾಗಿ ಬೆಳೆದಾಗಲೂ ಮೂರು ನಾಲ್ಕು ಅಂಗುಲವನ್ನು ಮೀರದ ಜಾತಿಯೇ ಉತ್ತಮ. ಬೆನ್ನಿನಲ್ಲಿಯೂ ಪಕ್ಕಗಳಲ್ಲಿಯೂ ಗಟ್ಟಿಮುಳ್ಳಿರುವ ಗಿರ್ಲು, ಕುಟುಕುವ ಚೇಳುಮೀನು ಇವು ಬೇಡ.

ಇಂಥ ಮೀನನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಊರ ಕೆರೆಯ ಕೋಡಿಯಲ್ಲಿ, ಕಾಲುವೆಯಲ್ಲಿ ಹುಡುಗರು ಬಟ್ಟೆಯಿಂದ ಹಿಡಿಯುವ ಸಣ್ಣ ಗೆಂಡೆಗಳೇ (ಪುಂಟಿಯಸ್ ಜಾತಿ) ಇವೆಲ್ಲದರಲ್ಲಿ ಮೇಲು. ಇವು ಜಲಸಸ್ಯದ ಎಲೆಗಳಿಗೆ ಅಂಟುವ ಮೊಟ್ಟೆಗಳನ್ನಿಡುವುವು. ಪಾಚಿಯನ್ನು ತಿಂದು ಬೆಳೆಯುವ ಮೋಲಾ ಜಾತಿಯ ಬೆಳ್ಳಿಬಣ್ಣದ ಮೀನು ಹೆಚ್ಚು ಖರ್ಚಿಲ್ಲದೆ ಬಾಳುವುದು; ಅದು ವರ್ಷದಲ್ಲಿ ಹಲವು ಸಲ ಮೊಟ್ಟೆಯಿಡುವುದು. ಈ ಎರಡನ್ನೂ ಬೆರೆಸಿ ಬಿಡುವುದು ಲೇಸು. ಹಿಡಿದು ತಂದ ರಾಶಿಯಲ್ಲಿ ಬಾಳೆಮೀನಿನ ಮರಿ ಸೇರಿದೆಯೇ ಎಂದು ಒಂದೊಂದಾಗಿ ನೋಡತಕ್ಕದ್ದು. ಅಂಥದೊಂದು ನುಸುಳಿದರೆ ಕೊರಮೀನಿನ ಮರಿಗಳಿಗೇ ಉಳಿಗಾಲವಿಲ್ಲ.

ಸೊಳ್ಳೆಯ ಹುಳುಗಳನ್ನು ತಿನ್ನಲೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯಾ ಮೀನನ್ನು ಕೆಲವರು ಸೂಚಿಸುವುದುಂಟು. ಅದು ಮೊಟ್ಟೆಯಿಡದೆ ಮರಿಯನ್ನೇ ಹಾಕುವುದು ನಿಜ. ಆದರೆ ಬೇರೆ ಮೀನುಗಳ ಮೊಟ್ಟೆಮರಿಗಳನ್ನು ತಿಂದು, ಗೆಂಡೆಗಳ ರೆಕ್ಕೆಗಳನ್ನು ಕಚ್ಚಿ ಹರಿಯುವುದರಿಂದ ಮೇವಿನ ಹೊಂಡಕ್ಕೆ ಶತ್ರುವೇ ಸರಿ.

ತಿಲಾಪಿಯಾದ ವಿಷಯ ಇನ್ನೂ ಎಚ್ಚರಿಕೆಯಿಂದ ನೋಡತಕ್ಕದ್ದು. ಆಫ್ರಿಕದ ಈ ಮೀನು 1952ರಲ್ಲಿ ಭಾರತಕ್ಕೆ ಬಂದಿತು. ತಾಯಿಯು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುವುದು. ಎರಡು ಮೂರು ತಿಂಗಳಿಗೇ ಮರಿಮಾಡಲಾರಂಭಿಸುವುದು. ಫಿಲಿಪೀನ್ಸ್ ದೇಶದಲ್ಲಿ ಅದರ ಅತಿಸಂತಾನವನ್ನು ತಗ್ಗಿಸಲು ಕೊರಮೀನನ್ನೇ ಬಿಟ್ಟಿರುವರು. ಇದನ್ನು ಕೇಳಿದವರಿಗೆ ತಿಲಾಪಿಯಾವೇ ತಕ್ಕ ಮೇವೆಂದು ತೋರಬಹುದು. ಆದರೆ ನಮ್ಮ ಸೀಮೆಯ ಕೆರೆಗಳು ಸರಪಣಿಯಂತೆ ಕಟ್ಟಲ್ಪಟ್ಟಿರುವುವು. ನಂದಿಬೆಟ್ಟದ ಕಡೆಯಿಂದ ಇಳಿಯುವ ಅರ್ಕಾವತಿಯ ನೀರು ದೊಡ್ಡಬಳ್ಳಾಪುರದ ಮೇಲೆ ಹೆಸರಘಟ್ಟಕ್ಕೂ, ದಕ್ಷಿಣಪಿನಾಕಿನಿಯ ನೀರು ದೇವನಹಳ್ಳಿಯ ಮೇಲೆ ಹೊಸಕೋಟೆಗೂ ಸಾಗುವ ದಾರಿಯಲ್ಲಿ ಒಂದು ಕೆರೆಯ ಕೋಡಿಯೇ ಮುಂದಿನ ಕೆರೆಯ ಬಾಯಿ. ಮೇಲಿನ ಊರಿನ ಹೊಂಡ ಒಂದು ರಾತ್ರಿಯ ಮಳೆಗೆ ಉಕ್ಕಿದರೆ ಕೆಳಗಿನ ಊರುಗಳ ಕೆರೆಗಳಲ್ಲೆಲ್ಲ ಈ ಮೀನು ಬೇರೂರುವುದು. ಗುತ್ತಿಗೆ ಹಿಡಿದ ಬೆಸ್ತರಿಗೆ ಕಾಟ್ಲಾ, ರೋಹುವಿಗೆ ಬದಲಾಗಿ ಬೆರಳುದ್ದದ ಮೀನುಗಳು ಬಲೆಗೆ ಬೀಳುವುವು. 2000ರಲ್ಲಿ ಸರ್ಕಾರ ನಿಷೇಧಿಸಿದ ಆಫ್ರಿಕದ ಕ್ಯಾಟ್‌ಫಿಷ್ಷನ್ನಂತೂ ಬೇಟೆಯ ಮೀನಾಗಿಯೂ ಹೊಂಡದ ಹತ್ತಿರ ಸೇರಿಸಕೂಡದು.

ಕಾಲಕ್ರಮವೂ ಮುಖ್ಯವಾದುದು. ಸಣ್ಣ ಮೀನುಗಳನ್ನು ಮೃಗಶಿರೆಯ ಮಳೆಗೆ ಹೊಂಡದಲ್ಲಿ ನೀರು ನಿಂತ ಕೂಡಲೆ ಬಿಡತಕ್ಕದ್ದು. ಅವು ಮೂರು ತಿಂಗಳು ನಿರ್ಭಯವಾಗಿ ಮರಿಮಾಡಿ, ಬೆಳಗಿನ ಹೊತ್ತು ಅಂಚಿನಲ್ಲಿ ಮರಿಗಳ ಗುಂಪುಗಳು ಕಾಣತೊಡಗಿದ ಮೇಲೆ, ಉತ್ತರೆ ಹಸ್ತಗಳ ಸಮಯದಲ್ಲಿ ನಾಲ್ಕಂಗುಲದ, ಒಂದೇ ಗಾತ್ರದ ಕೊರಮೀನಿನ ಮರಿಗಳನ್ನು ಬಿಡಬೇಕು. ಗಾತ್ರದಲ್ಲಿ ವ್ಯತ್ಯಾಸವಿದ್ದರೆ ದೊಡ್ಡದು ಚಿಕ್ಕದನ್ನು ನುಂಗದೆ ಬಿಡದು. ಎರಡನ್ನೂ ಒಂದೇ ದಿನ ಬಿಡುವ ಆತುರವೇ ಅನೇಕ ಹೊಂಡಗಳನ್ನು ಬರಿದು ಮಾಡುವುದು.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡದಲ್ಲಿ ಗಿಡ ಬೇರೂರದು. ಗೆಂಡೆಗೆ ಮೊಟ್ಟೆಯಂಟಿಸಲು ಸ್ಥಳವಿಲ್ಲ. ಒಂದು ಮೂಲೆಯಲ್ಲಿ ಬಿದಿರಿನ ಚೌಕಟ್ಟನ್ನು ತೇಲಿಸಿ ಅದರೊಳಗೆ ಅಂತರಗಂಗೆಯನ್ನು ಬೆಳೆಸಿದರೆ ಮೊಟ್ಟೆಗೂ ಮರಿಗಳ ಮರೆಗೂ ಸಾಕು. ಚೌಕಟ್ಟಿಲ್ಲದಿದ್ದರೆ ಆ ಗಿಡ ನೀರನ್ನೆಲ್ಲ ಮುಚ್ಚುವುದು.

ಬೇಸಗೆಯಲ್ಲಿ ನೀರು ಕುಗ್ಗಿದಂತೆ ಸಣ್ಣ ಮೀನು ಒತ್ತಾಗಿ ಸೇರುವುದರಿಂದ ಕೊರಮೀನು ಅವುಗಳನ್ನು ನಿಶ್ಶೇಷ ಮಾಡುವುದುಂಟು. ಶಿವರಾತ್ರಿಗೆ ಮುಂಚೆಯೇ ಒಂದೆರಡು ಬಿಂದಿಗೆಯಷ್ಟು ಗೆಂಡೆ, ಮೋಲಾಗಳನ್ನು ಹಿಡಿದು ಹತ್ತಡಿ ಚದರದ ಬೇರೊಂದು ಗುಂಡಿಯಲ್ಲಿಯೋ ತೋಟದ ತೊಟ್ಟಿಯಲ್ಲಿಯೋ ನೆರಳು ಮಾಡಿ ಉಳಿಸಿಕೊಳ್ಳತಕ್ಕದ್ದು. ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿರಬೇಕು. ಮುಂದಿನ ಮೃಗಶಿರೆಗೆ ಇವೇ ಬೀಜ.