ಸಮುದ್ರದಡಿ ಕೆಲಸ, ತಿಂಗಳಿಗೆ ನಾಲ್ಕು ಲಕ್ಷ: ನ್ಯೂಕ್ಯಾಸಲ್ ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ಸುಳ್ಳು ಎಲ್ಲಿ?

ವಾಟ್ಸಾಪ್‌ನಲ್ಲಿ ಓಡಾಡುವ ಉದ್ಯೋಗದ ಸಂದೇಶಗಳಲ್ಲಿ ಒಂದು ಬಗೆ ಹೀಗಿರುತ್ತದೆ. ನೀಲಿ ನೀರಿನಲ್ಲಿ ಮುಳುಗುಗಾರನೊಬ್ಬನ ಫೋಟೊ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ 'ಸಬ್‌ಸೀ' ಕಂಪನಿಗಳಿಗೆ ಜನ ಬೇಕಾಗಿದ್ದಾರೆ, ತಿಂಗಳಿಗೆ ನಾಲ್ಕು ಲಕ್ಷ ಸಂಬಳ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು, ಈಜು ಬಂದರೆ ಇನ್ನೂ ಒಳ್ಳೆಯದು. ವೀಸಾ ನಾವೇ ಮಾಡಿಸುತ್ತೇವೆ, 'ಫೈಲ್ ಚಾರ್ಜ್' ಮಾತ್ರ ನಿಮ್ಮದು. ಕೊನೆಗೆ, ಕೆಲಸವಿಲ್ಲದ ಹುಡುಗರಿಗೆ ತಪ್ಪದೆ ಶೇರ್ ಮಾಡಿ ಎಂಬ ವಿನಂತಿ.

ಇಂಥದ್ದನ್ನು ಜನ ನಂಬುವುದು ಅದು ಪೂರ್ತಿ ಸುಳ್ಳಲ್ಲ ಎಂಬ ಕಾರಣಕ್ಕೇ. ನ್ಯೂಕ್ಯಾಸಲ್ ಸುತ್ತಮುತ್ತ ಸಮುದ್ರದಡಿಯ ಎಂಜಿನಿಯರಿಂಗ್ ಉದ್ಯಮ ನಿಜಕ್ಕೂ ದೊಡ್ಡದಾಗಿ ಬೆಳೆದಿದೆ. ನಾಲ್ಕು ಲಕ್ಷವೂ ಅಲ್ಲಿಯ ಮಟ್ಟಿಗೆ ಅಸಾಧ್ಯದ ಮೊತ್ತವಲ್ಲ. ಸುಳ್ಳು ಅಡಗಿರುವುದು ಬೇರೆ ಕಡೆ. ಅದನ್ನು ಹಿಡಿಯಬೇಕಾದರೆ ಆ ಉದ್ಯಮದಲ್ಲಿ ನಡೆಯುವ ಕೆಲಸ ಏನು ಎಂಬುದು ಮೊದಲು ಗೊತ್ತಿರಬೇಕು.

ಹಡಗು ಹೋಯಿತು, ಕೈಚಳಕ ಉಳಿಯಿತು

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಟೈನ್, ವೇರ್, ಟೀಸ್ ಎಂಬ ನದಿಗಳು ಉತ್ತರ ಸಮುದ್ರವನ್ನು ಸೇರುತ್ತವೆ. ಒಂದು ಕಾಲಕ್ಕೆ ಈ ನದಿಗಳ ದಡದ ತುಂಬ ಹಡಗು ಕಟ್ಟುವ ಯಾರ್ಡ್‌ಗಳಿದ್ದವು. ಟೈಟಾನಿಕ್ ಮುಳುಗಿದಾಗ ಬದುಕುಳಿದವರನ್ನು ಎತ್ತಿಕೊಂಡು ಬಂದ 'ಕಾರ್ಪೇಥಿಯಾ' ಹಡಗು ಕಟ್ಟಿದ್ದು ಟೈನ್ ದಡದ ಸ್ವಾನ್ ಹಂಟರ್ ಯಾರ್ಡ್‌ನಲ್ಲಿ. ಇಪ್ಪತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಏಷ್ಯಾದ ಯಾರ್ಡ್‌ಗಳ ಪೈಪೋಟಿಯ ಮುಂದೆ ಇವು ಒಂದೊಂದಾಗಿ ಮುಚ್ಚಿದವು. 2007ರಲ್ಲಿ ಸ್ವಾನ್ ಹಂಟರ್‌ನ ಪ್ರಸಿದ್ಧ ಕ್ರೇನ್‌ಗಳು ಮಾರಾಟವಾದವು. ಕೊಂಡದ್ದು ಭಾರತದ ಭಾರತಿ ಶಿಪ್‌ಯಾರ್ಡ್, ಮಂಗಳೂರಿನ ತಣ್ಣೀರುಬಾವಿಯಲ್ಲೂ ಯಾರ್ಡ್ ಹೊಂದಿದ್ದ ಕಂಪನಿ.

ಹಡಗಿನ ಕೆಲಸ ಹೋದರೂ ಆಳವಾದ ನದಿ, ಧಕ್ಕೆಗಳು, ಉಕ್ಕನ್ನು ಬೆಸೆಯಬಲ್ಲ ಜನ ಅಲ್ಲೇ ಇದ್ದರು. ಅಷ್ಟರಲ್ಲಿ ಉತ್ತರ ಸಮುದ್ರದಲ್ಲಿ ತೈಲ ಸಿಕ್ಕಿತ್ತು. ನಾರ್ವೆ ಭಾಗದ ಎಕೋಫಿಸ್ಕ್ ತೈಲ ನಿಕ್ಷೇಪದಿಂದ ಟೀಸ್ ನದಿಯ ಮುಖಕ್ಕೆ ಸುಮಾರು 350 ಕಿಲೋಮೀಟರ್ ಉದ್ದದ ಪೈಪ್‌ಲೈನ್ 1975ರಲ್ಲೇ ಬಂತು. ಸಮುದ್ರದ ತಳದಲ್ಲಿ ಪೈಪು ಹಾಸುವುದು, ಕೇಬಲ್ ಹೂಳುವುದು, ಬಾವಿಯ ಬಾಯಿಗೆ ಕವಾಟ ಕೂರಿಸುವುದು, ಇದೇ ಹೊಸ ಕಸುಬಾಯಿತು.

ಇಲ್ಲಿ ನಮಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಅಲನ್ ರೀಸ್ ಎಂಬ ಪ್ರಾಧ್ಯಾಪಕರಿದ್ದರು. ಅವರ ವಿಷಯ ಕೃಷಿ ಎಂಜಿನಿಯರಿಂಗ್: ಮಣ್ಣು, ಟ್ರ್ಯಾಕ್ಟರ್, ನೇಗಿಲು. 1971ರಲ್ಲಿ ಅವರು ಸಾಯಿಲ್ ಮಷೀನ್ ಡೈನಮಿಕ್ಸ್ ಎಂಬ ಕಂಪನಿ ಶುರುಮಾಡಿದರು. ಹೊಲದ ನೇಗಿಲಿನ ತತ್ವವನ್ನೇ ಸಮುದ್ರಕ್ಕೆ ಇಳಿಸಿದರು. ಹಡಗು ಎಳೆದುಕೊಂಡು ಹೋಗುವ ಭಾರೀ ನೇಗಿಲು ಕಡಲತಳವನ್ನು ಸೀಳುತ್ತದೆ, ಆ ಸಾಲಿನೊಳಗೆ ಕೇಬಲ್ ಕೂರುತ್ತದೆ, ಮೇಲೆ ಮಣ್ಣು ಮುಚ್ಚಿಕೊಳ್ಳುತ್ತದೆ. ಕೇಬಲ್ಲನ್ನು ಹೂಳುವ ತಾಪತ್ರಯ ಏಕೆ? ಲಂಗರು ಮತ್ತು ಮೀನುಗಾರಿಕೆಯ ಬಲೆಗಳಿಂದ ಉಳಿಸಲು. ಜಗತ್ತಿನಾದ್ಯಂತ ಸಮುದ್ರದ ಇಂಟರ್ನೆಟ್ ಕೇಬಲ್‌ಗಳಿಗೆ ವರ್ಷಕ್ಕೆ ಸುಮಾರು 150ರಿಂದ 200 ಸಲ ಪೆಟ್ಟು ಬೀಳುತ್ತದೆ, ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಇವೆರಡರಿಂದಲೇ. (ಶಾರ್ಕ್ ಕೇಬಲ್ ಕಡಿದು ಇಂಟರ್ನೆಟ್ ಹೋಯಿತು ಎನ್ನುವ ಫಾರ್ವರ್ಡ್ ಬಂದರೆ ನಕ್ಕು ಮುಂದೆ ಹೋಗಿ. ಶಾರ್ಕ್ ಕಚ್ಚುವ ವಿಡಿಯೊ ಇರುವುದು ನಿಜ, ಆದರೆ ಹಾನಿಯ ಲೆಕ್ಕದಲ್ಲಿ ಅದು ಬರುವುದೇ ಇಲ್ಲ ಎನ್ನಬಹುದು.)

ಕೆಲಸದ ಬಹುಪಾಲು ನೆಲದ ಮೇಲೆ

ಫಾರ್ವರ್ಡ್‌ನ ಫೋಟೊ ದಾರಿ ತಪ್ಪಿಸುವುದು ಇಲ್ಲೇ. ಸಬ್‌ಸೀ ಎಂದರೆ ನೀರಿಗೆ ಧುಮುಕುವುದಲ್ಲ. ಟೈನ್ ದಡದ ಕಾರ್ಖಾನೆಗಳಲ್ಲಿ ತಯಾರಾಗುವ 'ಅಂಬಿಲಿಕಲ್' ಎಂಬ ವಸ್ತುವನ್ನೇ ನೋಡಿ. ಹೆಸರಿನ ಅರ್ಥ ಹೊಕ್ಕುಳಬಳ್ಳಿ. ಸಮುದ್ರದ ತಳದಲ್ಲಿರುವ ತೈಲಬಾವಿಗೆ ವಿದ್ಯುತ್ತು, ಕವಾಟ ತಿರುಗಿಸಲು ಒತ್ತಡದ ದ್ರವ, ಪೈಪು ಕಟ್ಟಿಕೊಳ್ಳದಂತೆ ರಾಸಾಯನಿಕ, ಮಾಹಿತಿ ಸಾಗಿಸಲು ಆಪ್ಟಿಕಲ್ ಫೈಬರ್ ಎಲ್ಲವನ್ನೂ ಒಂದೇ ಹಗ್ಗದಂತೆ ಹೊಸೆದು ಕಳಿಸುವ ಕೊಳವೆಗಳ ಕಟ್ಟು ಅದು. ಉದ್ದ ಹಲವು ಕಿಲೋಮೀಟರ್. ನಡುವೆ ಕತ್ತರಿಸಿ ಲಾರಿಗೆ ಹೇರುವಂತಿಲ್ಲ. ಕಾರ್ಖಾನೆಯಿಂದ ನೇರ ಹಡಗಿನ ಸುರುಳಿಗೆ ಸುತ್ತಬೇಕು. ಹಾಗಾಗಿ ಕಾರ್ಖಾನೆ ಧಕ್ಕೆಯ ಮೇಲೇ ಇರಬೇಕು. ಹಳೆಯ ಹಡಗುಯಾರ್ಡ್‌ಗಳ ಜಾಗಕ್ಕೆ ಈ ಉದ್ಯಮ ಬಂದು ಕೂತದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ನೀರಿನ ಒಳಗೆ. ಪ್ರತಿ ಹತ್ತು ಮೀಟರ್ ಆಳಕ್ಕೆ ಒತ್ತಡ ಸುಮಾರು ಒಂದು ವಾತಾವರಣದಷ್ಟು ಏರುತ್ತದೆ. ಸಾವಿರ ಮೀಟರ್ ಕೆಳಗೆ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು ನೂರು ಕಿಲೋ ಭಾರ ಕೂತಂತೆ. ಅಲ್ಲಿಗೆ ಮನುಷ್ಯ ಹೋಗುವುದಿಲ್ಲ, ರೋಬೋಟ್ ಹೋಗುತ್ತದೆ. ಅದರ ಪೈಲಟ್ ಹಡಗಿನ ಕೋಣೆಯಲ್ಲಿ ಪರದೆ ನೋಡುತ್ತ ಜಾಯ್‌ಸ್ಟಿಕ್ ಹಿಡಿದಿರುತ್ತಾನೆ. ಈಜು ಬರಲಿ ಬಿಡಲಿ, ಅವನಿಗೆ ಎಲೆಕ್ಟ್ರಾನಿಕ್ಸ್ ಮತ್ತು ಹೈಡ್ರಾಲಿಕ್ಸ್ ಬರಲೇಬೇಕು.

ಮುಳುಗುಗಾರರು ಇಲ್ಲವೇ ಇಲ್ಲ ಎಂದಲ್ಲ. ಐವತ್ತು ಮೀಟರ್‌ಗಿಂತ ಆಳದಲ್ಲಿ ಕೆಲಸ ಮಾಡುವವರನ್ನು 'ಸ್ಯಾಚುರೇಷನ್ ಡೈವರ್' ಎನ್ನುತ್ತಾರೆ. ಅವರು ಹಡಗಿನ ಮೇಲಿನ ಉಕ್ಕಿನ ಕೋಣೆಯಲ್ಲಿ, ಆಳದಲ್ಲಿರುವಷ್ಟೇ ಒತ್ತಡದಲ್ಲಿ, ಹೀಲಿಯಂ ಬೆರೆತ ಗಾಳಿ ಉಸಿರಾಡುತ್ತ ವಾರಗಟ್ಟಲೆ ಬದುಕುತ್ತಾರೆ. ಕೆಲಸ ಮುಗಿದ ಕೂಡಲೇ ಹೊರಬರುವಂತಿಲ್ಲ. ಗೋಲಿ ಸೋಡಾ ಒಡೆದಾಗ ಗುಳ್ಳೆ ಏಳುವ ಹಾಗೆ ರಕ್ತದಲ್ಲಿ ಗುಳ್ಳೆ ಎದ್ದು ಜೀವಕ್ಕೇ ಅಪಾಯ. ನೂರು ಮೀಟರ್ ಆಳದ ಒತ್ತಡದಿಂದ ಹೊರಬರಲು ನಾಲ್ಕೈದು ದಿನ ಬೇಕು. ಇದಕ್ಕೆ ವರ್ಷಗಳ ಅನುಭವ, ಬ್ರಿಟನ್ ಒಪ್ಪುವ ವೃತ್ತಿಪರ ಡೈವಿಂಗ್ ಪ್ರಮಾಣಪತ್ರ, ಕಟ್ಟುನಿಟ್ಟಿನ ವೈದ್ಯಕೀಯ ತಪಾಸಣೆ ಬೇಕು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮಾಡಿದ ಸ್ಕೂಬಾ ಕೋರ್ಸ್ ಒಳ್ಳೆಯ ಹವ್ಯಾಸ. ಈ ಕೆಲಸಕ್ಕೆ ಅದು ಪರವಾನಗಿಯಲ್ಲ.

ಈಚಿನ ವರ್ಷಗಳಲ್ಲಿ ತೈಲದ ಜೊತೆಗೆ ಗಾಳಿಯೂ ಸೇರಿಕೊಂಡಿದೆ. ಬ್ರಿಟನ್ನಿನ ಮೊದಲ ಸಮುದ್ರದ ಗಾಳಿಯಂತ್ರಗಳು, ಕೇವಲ ಎರಡು, 2000ದಲ್ಲಿ ಇದೇ ಕರಾವಳಿಯ ಬ್ಲೈತ್ ಊರಿನೆದುರು ನಿಂತವು. ಈಗ ಡಾಗರ್ ಬ್ಯಾಂಕ್‌ನಲ್ಲಿ 3.6 ಗಿಗಾವ್ಯಾಟ್ ಸಾಮರ್ಥ್ಯದ ಯೋಜನೆ ನಡೆದಿದೆ, ಅದರ ನಿರ್ವಹಣೆಯ ನೆಲೆ ಟೈನ್ ಬಂದರಿನಲ್ಲಿ.

ಊರೂ ಆಕರ್ಷಕವೇ. ಲಂಡನ್ನಿಗೆ ಹೋಲಿಸಿದರೆ ಮನೆ ಬಾಡಿಗೆ ಬಹಳ ಕಡಿಮೆ, ನಗರದಿಂದ ಮೆಟ್ರೊ ಹತ್ತಿದರೆ ಟೈನ್‌ಮತ್‌ನ ಮರಳದಂಡೆ, ಜನರ ಸ್ನೇಹ ಮತ್ತು ಫುಟ್‌ಬಾಲ್ ಹುಚ್ಚು ಎರಡೂ ಪ್ರಸಿದ್ಧ. ಡಿಸೆಂಬರಿನಲ್ಲಿ ಮಾತ್ರ ಮಧ್ಯಾಹ್ನ ಮೂರೂ ಮುಕ್ಕಾಲರೊಳಗೆ ಸೂರ್ಯ ಮುಳುಗುತ್ತಾನೆ. ಫಾರ್ವರ್ಡ್‌ನಲ್ಲಿ ಅದರ ಫೋಟೊ ಇರುವುದಿಲ್ಲ.

ಹಾಗಾದರೆ ಸುಳ್ಳು ಎಲ್ಲಿ?

ಸಂಬಳದಲ್ಲಲ್ಲ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಜುಲೈ 2025ರಿಂದ ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 41,700 ಪೌಂಡ್ ಸಂಬಳ ಇರಬೇಕು. ತಿಂಗಳಿಗೆ ಹಂಚಿದರೆ, ತೆರಿಗೆಗೆ ಮೊದಲು, ಹೆಚ್ಚುಕಡಿಮೆ ಆ ನಾಲ್ಕು ಲಕ್ಷವೇ ಬರುತ್ತದೆ. ಆದರೆ ಅದೇ ನಿಯಮದ ಪ್ರಕಾರ ಹೊಸದಾಗಿ ಅರ್ಜಿ ಹಾಕುವವರ ಹುದ್ದೆ ಪದವಿ ಮಟ್ಟದ್ದಾಗಿರಬೇಕು. ಸರ್ಕಾರದ ಕೊರತೆ ಪಟ್ಟಿಗಳಲ್ಲಿರುವ ಕೆಲವು ಕುಶಲ ಕೆಲಸಗಳಿಗಷ್ಟೇ ವಿನಾಯಿತಿ. ಜೊತೆಗೆ ಇಂಗ್ಲಿಷ್ ಪರೀಕ್ಷೆ. ಸಂಬಳದ ಅಂಕಿಯನ್ನು ಮಾತ್ರ ಎತ್ತಿಕೊಂಡು ವಿದ್ಯಾರ್ಹತೆಯನ್ನು ಅಳಿಸಿಹಾಕಿರುವುದೇ ಈ ಸಂದೇಶದ ಕುತಂತ್ರ.

ಎರಡನೆಯದು ಹಣ. 'ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ರೆಡಿ ಇದೆ, ಇಷ್ಟು ಲಕ್ಷ ಕೊಡಿ' ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಅದು ಮಾರಾಟದ ಸರಕಲ್ಲ. ಕಂಪನಿ ಆನ್‌ಲೈನ್‌ನಲ್ಲಿ ಕೊಡುವ ಒಂದು ಸಂಖ್ಯೆ, ಅದರ ಶುಲ್ಕ ಕಂಪನಿಯದ್ದು. 2024ರ ಡಿಸೆಂಬರ್ 31ರಿಂದ ಈ ಶುಲ್ಕವನ್ನು ಕೆಲಸಗಾರನ ತಲೆಗೆ ಕಟ್ಟುವುದನ್ನು ಬ್ರಿಟನ್ ನಿಷೇಧಿಸಿದೆ. ವೀಸಾ ಅರ್ಜಿಯ ಶುಲ್ಕ ಮತ್ತು ಆರೋಗ್ಯ ಶುಲ್ಕ ಅಭ್ಯರ್ಥಿಯ ಪಾಲಿಗೆ ಬರಬಹುದು, ಆದರೆ ಅದನ್ನು ಕಟ್ಟುವುದು ಸರ್ಕಾರದ ಜಾಲತಾಣದಲ್ಲಿ, ಯಾರದೋ ಯುಪಿಐಗೆ ಅಲ್ಲ.

ಸ್ಪಾನ್ಸರ್ ಆಗಲು ಪರವಾನಗಿ ಇರುವ ಕಂಪನಿಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರ ತನ್ನ ಅಧಿಕೃತ ತಾಣದಲ್ಲಿ ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಹೆಸರು ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ನಿರಾಳರಾಗಬೇಡಿ. ಅಸಲಿ ಕಂಪನಿಯ ಹೆಸರು, ಲೋಗೊ ಕದ್ದು ಜಿಮೇಲ್ ವಿಳಾಸದಿಂದ ಆಫರ್ ಲೆಟರ್ ಕಳಿಸುವುದು ಹಳೆಯ ಆಟ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಆ ಹುದ್ದೆ ಇದೆಯೇ ನೋಡಿ, ಅಲ್ಲಿರುವ ವಿಳಾಸಕ್ಕೇ ಬರೆದು ಕೇಳಿ. ನಮ್ಮಲ್ಲಿಯ ಏಜೆಂಟ್ ಆಗಿದ್ದರೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಇರಲೇಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿದರೆ ಗೊತ್ತಾಗುತ್ತದೆ. ನೋಂದಾಯಿತ ಏಜೆಂಟ್ ಕೂಡ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ.

ಈಗಾಗಲೇ ದುಡ್ಡು ಹಾಕಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ದೂರು ಹೋದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಸಿಟ್ಟಿಗೆ ಚಾಟ್ ಡಿಲೀಟ್ ಮಾಡಬೇಡಿ; ಆ ನಂಬರು, ರಸೀದಿಯ ಸ್ಕ್ರೀನ್‌ಶಾಟ್, ಆಫರ್ ಲೆಟರ್ ಮೂರೂ ಪೊಲೀಸರಿಗೆ ಬೇಕಾಗುತ್ತವೆ.