ಸುಗ್ಗಿ ಮುಗಿಯಲಿ, ಆಮೇಲೆ ಬರೆಯುತ್ತೇನೆ: ಮುಂದೂಡುವ ಮನಸ್ಸಿನ ವಿಜ್ಞಾನ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬರೆಯುವ ಹಂಬಲ ಇರುವವರಿಗೆ ಕೊರತೆಯಿಲ್ಲ. ಶಾಲೆಯ ಮೇಷ್ಟ್ರಿಗೆ ಒಂದು ಕಾದಂಬರಿಯ ವಸ್ತು ತಲೆಯಲ್ಲಿದೆ, ನಿವೃತ್ತ ನೌಕರರಿಗೆ ಊರಿನ ಚರಿತ್ರೆ ಬರೆಯಬೇಕೆಂಬ ಆಸೆ ಇದೆ, ಕಾಲೇಜಿನ ಹುಡುಗಿಯ ಬ್ಯಾಗಿನಲ್ಲಿ ಅರ್ಧಕ್ಕೆ ನಿಂತ ಕಥೆ ಇದೆ. "ಕಥೆ ಎಲ್ಲಿಗೆ ಬಂತು ಸಾರ್?" ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಈ ಮಾವಿನ ಸುಗ್ಗಿ ಒಂದು ಮುಗೀಲಿ ಸಾರ್, ಆಮೇಲೆ ಕೂತ್ರೆ ಒಂದೇ ಪಟ್ಟಿಗೆ ಮುಗಿಸಿಬಿಡ್ತೀನಿ."

ಈ ಮಾತಿನಲ್ಲಿ ಸುಳ್ಳಿಲ್ಲ. ಮೇ ತಿಂಗಳಿಂದ ಜುಲೈವರೆಗೆ ಈ ತಾಲ್ಲೂಕಿನಲ್ಲಿ ಮಾವು ಬಿಟ್ಟರೆ ಬೇರೆ ಮಾತಿರುವುದಿಲ್ಲ. ಬಾದಾಮಿ, ರಸಪುರಿ, ಮಲ್ಲಿಕಾ ಒಂದರ ಹಿಂದೊಂದು ಮಾರುಕಟ್ಟೆಗೆ ಬರುತ್ತವೆ. ತೋತಾಪುರಿ ಲೋಡುಗಳು ತಿರುಳಿನ ಕಾರ್ಖಾನೆಗಳಿಗೆ ಹೊರಡುತ್ತವೆ. ಅದು ಮುಗಿಯುವ ಹೊತ್ತಿಗೆ ರಾಗಿ ಬಿತ್ತನೆ, ನಂತರ ದಸರಾ, ದೀಪಾವಳಿ, ಹಿಂದೆಯೇ ರಾಗಿ ಕೊಯ್ಲು, ಕಣ. ಡಿಸೆಂಬರ್, ಜನವರಿಗೆ ಮಾವು ಮತ್ತೆ ಹೂವಿಗೆ ಬರುತ್ತದೆ, ಔಷಧಿ ಹೊಡೆಯಬೇಕು. ಯುಗಾದಿ ಆಗುತ್ತಿದ್ದಂತೆ ತೋಟಕ್ಕೆ ಕಾವಲು ಬೇಕು. ಬರೆಯುವುದಕ್ಕೆಂದೇ ಬಿಡುವಾಗಿ ನಿಲ್ಲುವ ತಿಂಗಳು ಈ ಪಂಚಾಂಗದಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಬರವಣಿಗೆಯನ್ನು ತಡೆಯುತ್ತಿರುವುದು ಸುಗ್ಗಿಯೇ? ಮುಂದೂಡಿಕೆಯನ್ನು ಅಧ್ಯಯನ ಮಾಡಿರುವ ಮನೋವಿಜ್ಞಾನಿಗಳ ಉತ್ತರ ಬೇರೆ. ನಾವು ಹೇಳುವ ನೆಪಗಳೆಲ್ಲ ಹೊರಗಿನ ಅಡ್ಡಿಯನ್ನು ತೋರಿಸುತ್ತವೆ. ಕೈ ಹಿಡಿದು ನಿಲ್ಲಿಸುವ ಅಡ್ಡಿ ಬಹುಪಾಲು ಒಳಗಿನದು.

ಸೋಮಾರಿತನವಲ್ಲ, ಅಳುಕು

ತಡವಾದದ್ದೆಲ್ಲ ಮುಂದೂಡಿಕೆಯಲ್ಲ. ಮನೆಯಲ್ಲಿ ಕಾಯಿಲೆಯವರಿದ್ದಾರೆಂದು ಬರವಣಿಗೆ ನಿಲ್ಲಿಸಿದರೆ ಅದು ವಿವೇಕ. ತಡಮಾಡಿದರೆ ನಮಗೇ ನಷ್ಟ ಎಂದು ಗೊತ್ತಿದ್ದೂ, ಮಾಡಬೇಕೆಂದು ನಾವೇ ನಿಶ್ಚಯಿಸಿದ ಕೆಲಸವನ್ನು ಮುಂದಕ್ಕೆ ತಳ್ಳುವುದನ್ನು ಮಾತ್ರ ವಿಜ್ಞಾನಿಗಳು ಮುಂದೂಡಿಕೆ ಎನ್ನುತ್ತಾರೆ. ಪಿಯರ್ಸ್ ಸ್ಟೀಲ್ ಅವರು ಅದುವರೆಗಿನ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಒಂದು ಅಂಶ ಎದ್ದು ಕಾಣುತ್ತದೆ: ಕೆಲಸ ಬೇಸರ ತರುವಂತಿದ್ದಷ್ಟೂ, ಅದರ ಫಲ ದೂರವಿದ್ದಷ್ಟೂ ಜನ ಅದನ್ನು ಹೆಚ್ಚು ಮುಂದೂಡುತ್ತಾರೆ. ಬರವಣಿಗೆಯಲ್ಲಿ ಈ ಎರಡೂ ಇವೆ. ಮೊದಲ ಪುಟ ಕಷ್ಟದ್ದು. ಪುಸ್ತಕ ಕೈಗೆ ಬರಲು ವರ್ಷಗಳು ಬೇಕು.

ನೋಟ್‌ಬುಕ್ ತೆರೆದ ಮೊದಲ ಒಂದೆರಡು ನಿಮಿಷ ಏನಾಗುತ್ತದೆಂದು ಗಮನಿಸಿ. ಒಂದು ಸಾಲು ಬರೆದು ಓದಿಕೊಳ್ಳುತ್ತೀರಿ. ತಲೆಯಲ್ಲಿದ್ದ ಕಥೆಯ ಕಳೆ ಆ ಸಾಲಿಗಿಲ್ಲ. ಎದೆಯಲ್ಲಿ ಸಣ್ಣದೊಂದು ಕಸಿವಿಸಿ ಶುರುವಾಗುತ್ತದೆ: ಇದು ನನ್ನ ಕೈಲಾಗುವ ಕೆಲಸವೇ, ಓದಿದವರು ಏನೆಂದಾರು? ಸಾಲನ್ನು ಹೊಡೆದು ಹಾಕುತ್ತೀರಿ. ಅಷ್ಟರಲ್ಲಿ ತೋಟಕ್ಕೆ ನೀರು ಬಿಟ್ಟಾಯಿತೇ ಎಂದು ಫೋನ್ ಮಾಡಬೇಕಿದ್ದುದು ನೆನಪಾಗುತ್ತದೆ. ನೋಟ್‌ಬುಕ್ ಮುಚ್ಚಿ ಏಳುತ್ತೀರಿ. ಕಸಿವಿಸಿ ತಟ್ಟನೆ ಇಳಿಯುತ್ತದೆ.

ತಿರುವು ಇರುವುದು ಈ ಕ್ಷಣದಲ್ಲೇ. ಎದ್ದುಹೋದದ್ದಕ್ಕೆ ಮನಸ್ಸಿಗೆ ಸಿಕ್ಕ ನೆಮ್ಮದಿಯೇ ಅದಕ್ಕೆ ಬಹುಮಾನ. ಬಹುಮಾನ ಸಿಕ್ಕ ನಡವಳಿಕೆಯನ್ನು ಮಿದುಳು ಕಲಿತುಕೊಳ್ಳುತ್ತದೆ. ಮರುದಿನ ಇನ್ನೂ ಬೇಗ ಎದ್ದುಹೋಗುವಂತೆ ಮಾಡುತ್ತದೆ. ಫ್ಯೂಷಿಯಾ ಸಿರೊಯಿಸ್ ಮತ್ತು ತಿಮೊಥಿ ಪಿಚಿಲ್ ಎಂಬ ಸಂಶೋಧಕರು 2013ರಲ್ಲಿ ಮಂಡಿಸಿದ ವಿಚಾರ ಇದೇ: ನಾವು ಮುಂದೂಡುವುದು ಆ ಕೆಲಸ ಎಬ್ಬಿಸುವ ಅಳುಕನ್ನು, ಅದರ ಜೊತೆಗೆ ಕೆಲಸವೂ ಮುಂದೆ ಹೋಗುತ್ತದೆ. ಹೀಗಾಗಿ ಇಲ್ಲಿ ಸಮಯದ ನಿರ್ವಹಣೆಗಿಂತ ಭಾವನೆಯ ನಿರ್ವಹಣೆಯ ಪ್ರಶ್ನೆ ದೊಡ್ಡದು.

ಹೀಗೆ ಸಿಕ್ಕ ನೆಮ್ಮದಿ ಕೈಸಾಲದಂಥದು, ಬಡ್ಡಿ ಆಮೇಲೆ ಕಟ್ಟಬೇಕು. ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ 1997ರಲ್ಲಿ ವಿದ್ಯಾರ್ಥಿಗಳನ್ನು ಒಂದು ಇಡೀ ಸೆಮಿಸ್ಟರ್ ಗಮನಿಸಿ ಇದನ್ನು ತೋರಿಸಿದರು. ಸೆಮಿಸ್ಟರ್‌ನ ಆರಂಭದಲ್ಲಿ ಮುಂದೂಡುವವರಿಗೆ ಒತ್ತಡ ಕಡಿಮೆ, ಅನಾರೋಗ್ಯವೂ ಕಡಿಮೆ. ಕೊನೆಯ ವಾರಗಳಲ್ಲಿ ಲೆಕ್ಕ ತಿರುಗಿಬಿತ್ತು: ಒತ್ತಡ, ಅನಾರೋಗ್ಯ ಎರಡರಲ್ಲೂ ಅವರೇ ಮುಂದು, ಅಂಕಗಳಲ್ಲಿ ಮಾತ್ರ ಹಿಂದು.

ಮಿದುಳಿನಲ್ಲೂ ಇದರ ಸುಳಿವು ಸಿಕ್ಕಿದೆ. ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು 264 ಜನರ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿ 2018ರಲ್ಲಿ ವರದಿ ಮಾಡಿದರು. ಕೆಲಸ ಶುರುಮಾಡಲು ಹಿಂದೆಗೆಯುವವರಲ್ಲಿ ಅಮಿಗ್ಡಲಾ ಎಂಬ ಭಾಗದ ಗಾತ್ರ ಹೆಚ್ಚಿತ್ತು. ಅಪಾಯವನ್ನು ಮೂಸಿ ಎಚ್ಚರಿಸುವುದು ಅಮಿಗ್ಡಲಾದ ಕೆಲಸ. ಆ ಎಚ್ಚರಿಕೆಯನ್ನು ತೂಗಿ ನೋಡಿ ಮುಂದಿನ ಕೆಲಸ ಆಯ್ದುಕೊಳ್ಳಲು ನೆರವಾಗುವ ಇನ್ನೊಂದು ಭಾಗದ ಜೊತೆ ಅದರ ಸಂಪರ್ಕ ಇವರಲ್ಲಿ ದುರ್ಬಲವಾಗಿತ್ತು. ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಈ ಅಧ್ಯಯನ ಹೇಳುವುದಿಲ್ಲ. ಆದರೂ ಖಾಲಿ ಹಾಳೆಯನ್ನು ಮಿದುಳು ಬೆದರಿಕೆಯ ಹಾಗೆ ಕಾಣಬಹುದು ಎಂಬ ವಿಚಾರಕ್ಕೆ ಇದು ಹೊಂದುತ್ತದೆ.

"ಮುಂದಿನ ತಿಂಗಳು ಬಿಡುವಾಗುತ್ತದೆ"

ಇನ್ನು ನೆಪಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಸುಗ್ಗಿಯ ನೆಪ. ಕೆನಡಾದ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಬಂಧ ಬರೆಯುತ್ತಿದ್ದ ಮನೋವಿಜ್ಞಾನದ ವಿದ್ಯಾರ್ಥಿಗಳನ್ನು "ಯಾವಾಗ ಮುಗಿಸುತ್ತೀರಿ?" ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೈಕೊಟ್ಟರೆ? ಸುಮಾರು 49 ದಿನ ಎಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು. 1994ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳುವ ಪಾಠ ಸರಳ: ಮುಂದಿನ ದಿನಗಳನ್ನು ಊಹಿಸುವಾಗ ನಾವು ಹಿಂದಿನ ಅನುಭವವನ್ನು ಪಕ್ಕಕ್ಕಿಡುತ್ತೇವೆ. ಕಳೆದ ಸುಗ್ಗಿ ಮುಗಿದ ಮೇಲೆ ಬಿಡುವು ಸಿಗಲಿಲ್ಲ ಎಂಬುದು ನೆನಪಿದ್ದರೂ ಈ ಸಲ ಸಿಕ್ಕೇ ಸಿಗುತ್ತದೆ ಎಂದು ನಂಬುತ್ತೇವೆ.

"ಕೆಲಸದ ಮಧ್ಯೆ ಟೈಮೆಲ್ಲಿದೆ?"

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉತ್ತರವಿದೆ. 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸಂಸ್ಥಾನದ ಸಿವಿಲ್ ಸರ್ವೀಸಿನಲ್ಲಿ 1940ರ ದಶಕದವರೆಗೆ ದುಡಿದರು. ಕಡತ, ಪ್ರವಾಸ, ವರ್ಗಾವಣೆ ಯಾವುದೂ ತಪ್ಪಲಿಲ್ಲ. ಅವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ, ನೌಕರಿಯ ನಡುವೆಯೇ. ಅವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ತಂದುಕೊಟ್ಟ 'ಚಿಕವೀರ ರಾಜೇಂದ್ರ' ಪ್ರಕಟವಾದದ್ದು ಮಾತ್ರ 1956ರಲ್ಲಿ, ನೌಕರಿ ಬಿಟ್ಟ ಮೇಲೆ. "ನೋಡಿ, ದೊಡ್ಡ ಕಾದಂಬರಿ ರಿಟೈರ್ ಆದಮೇಲೇ ಬಂತು" ಎಂದು ಯಾರಾದರೂ ಹೇಳಬಹುದು. ಆದರೆ ಆ ಕಾದಂಬರಿಯ ಹಿಂದೆ ಮೂರೂವರೆ ದಶಕಕ್ಕೂ ಮೀರಿದ ಬರವಣಿಗೆಯ ರೂಢಿ ಇತ್ತು. ಅಷ್ಟು ವರ್ಷ ಕೈ ಕಟ್ಟಿ ಕೂತು ನಿವೃತ್ತಿಯ ಮರುದಿನ ಪೆನ್ನು ಹಿಡಿದವರಲ್ಲ ಅವರು.

"ಮೂಡ್ ಬಂದಿಲ್ಲ"

ಸ್ಫೂರ್ತಿ ಬಂದ ಮೇಲೆ ಬರೆಯಬೇಕೋ, ಬರೆಯುತ್ತ ಹೋದರೆ ಸ್ಫೂರ್ತಿ ಬರುತ್ತದೋ? ಅಮೆರಿಕದ ರಾಬರ್ಟ್ ಬಾಯ್ಸ್ ಇದನ್ನೇ ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದರು. ಬರವಣಿಗೆ ಸಾಗದೆ ಪೇಚಾಡುತ್ತಿದ್ದ 27 ಅಧ್ಯಾಪಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ತುರ್ತಲ್ಲದ ಬರವಣಿಗೆಯನ್ನು ನಿಲ್ಲಿಸಬೇಕು. ಎರಡನೆಯದು ಮನಸ್ಸು ಬಂದಾಗ ಬರೆಯಬೇಕು. ಮೂರನೆಯದು ಗೊತ್ತುಮಾಡಿದ ಹೊತ್ತಿಗೆ, ಮನಸ್ಸಿರಲಿ ಇಲ್ಲದಿರಲಿ, ಬರೆಯಲೇಬೇಕು. ತಪ್ಪಿದರೆ ತಮಗೆ ಆಗದ ಒಂದು ಸಂಸ್ಥೆಗೆ ಅವರ ಹಣ ಹೋಗುತ್ತದೆ. ಮೂರನೆಯ ಗುಂಪು ಹೆಚ್ಚು ಪುಟ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಬರವಣಿಗೆಗೆ ಬೇಕಾದ ಹೊಸ ಹೊಳಹುಗಳು ಕೂಡ ಅವರಿಗೇ ಹೆಚ್ಚು ಬಂದವು: ಅವರಿಗೆ ಹೆಚ್ಚುಕಡಿಮೆ ದಿನಕ್ಕೊಂದು, ಮನಸ್ಸು ಬಂದಾಗ ಬರೆದವರಿಗೆ ಎರಡು ದಿನಕ್ಕೊಂದು, ಬರೆಯದೆ ಇದ್ದವರಿಗೆ ಐದು ದಿನಕ್ಕೊಂದು. ಇದು ಸಣ್ಣ ಪ್ರಯೋಗ, ಎಲ್ಲರಿಗೂ ಹೀಗೇ ಎಂದು ಸಾಧಿಸಲು ಸಾಲದು. ಆದರೆ ಮೂಡಿಗಾಗಿ ಕಾಯುವುದೇ ಸೃಜನಶೀಲತೆ ಎಂಬ ನಂಬಿಕೆಯನ್ನು ಅಲುಗಾಡಿಸಲು ಸಾಕು.

"ಇನ್ನೂ ಓದಬೇಕು, ನಮ್ಮ ಕನ್ನಡ ಅಷ್ಟಕ್ಕಷ್ಟೆ"

ಎಲ್ಲಕ್ಕಿಂತ ಗೌರವಸ್ಥ ನೆಪ ಇದು. ಆಂಧ್ರದ ಗಡಿಗೆ ಅಂಟಿಕೊಂಡ ಶ್ರೀನಿವಾಸಪುರದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. "ಮನೇಲಿ ತೆಲುಗು ಮಾತಾಡೋರು ನಾವು, ಕನ್ನಡದಲ್ಲಿ ಏನು ಬರೀತೀವಿ" ಎಂಬ ಹಿಂಜರಿಕೆ ಇಲ್ಲಿ ಸಾಮಾನ್ಯ.

1978ರಲ್ಲಿ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಮಾಡಿದ ಪ್ರಯೋಗ ಇಂಥ ಹಿಂಜರಿಕೆಯ ಒಂದು ಮುಖವನ್ನು ತೋರಿಸುತ್ತದೆ. ವಿದ್ಯಾರ್ಥಿಗಳಿಗೆ ಬಿಡಿಸಲಾಗದ ಸಮಸ್ಯೆಗಳನ್ನು ಕೊಟ್ಟು, ಏನೇ ಉತ್ತರಿಸಿದರೂ "ಬಹಳ ಚೆನ್ನಾಗಿ ಮಾಡಿದಿರಿ" ಎಂದರು. ಮುಂದಿನ ಪರೀಕ್ಷೆಗೆ ಮುನ್ನ ಎರಡು ಮಾತ್ರೆ ಮುಂದಿಟ್ಟರು: ಒಂದು ಬುದ್ಧಿಯನ್ನು ಚುರುಕು ಮಾಡುತ್ತದೆ, ಇನ್ನೊಂದು ಮಂಕು ಮಾಡುತ್ತದೆ ಎಂದು ಹೇಳಿದರು. ಮೊದಲ ಗೆಲುವು ಹೇಗೆ ಬಂತೆಂದು ತಿಳಿಯದ ಗಂಡು ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಮಂಕು ಮಾಡುವ ಮಾತ್ರೆಯನ್ನೇ ಆರಿಸಿಕೊಂಡರು. ಸೋತರೆ ಮಾತ್ರೆಯ ಮೇಲೆ ಹಾಕಬಹುದಲ್ಲ! ಬರೆಯದೆ ಉಳಿದ ಕಾದಂಬರಿಗೂ ಇದೇ ಅನುಕೂಲ ಇದೆ. ಅದನ್ನು ಯಾರೂ ಕಳಪೆ ಎನ್ನಲಾರರು.

ಈ ನೆಪಕ್ಕೂ ಜಿಲ್ಲೆಯ ಹಿರಿಯರೇ ಉತ್ತರ. ಮಾಸ್ತಿಯವರ ಮನೆಮಾತು ತಮಿಳು. ಅವರನ್ನು ನಾವು ಕನ್ನಡದ ಸಣ್ಣಕಥೆಯ ಹಿರಿಯಣ್ಣ ಎಂದು ಕಾಣುತ್ತೇವೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಪತ್ರಿಕೆಗಳಲ್ಲಿ ದುಡಿಯುತ್ತ, ಗಡುವಿಗೆ ಸರಿಯಾಗಿ ಬರೆಯುತ್ತಲೇ ಓದಿದರು, ಓದುತ್ತಲೇ ಬರೆದರು. 'ಮಂಕುತಿಮ್ಮನ ಕಗ್ಗ' 1943ರಲ್ಲಿ ಹೊರಬಂದಾಗ ಅವರಿಗೆ 56 ವರ್ಷ. ಓದು ಮುಗಿಯಲಿ ಎಂದು ಕಾದಿದ್ದರೆ ಆ ಪುಸ್ತಕ ನಮಗೆ ಸಿಗುತ್ತಿರಲಿಲ್ಲ.

ಏನು ಮಾಡಿದರೆ ಕೈ ಸಾಗುತ್ತದೆ?

ಕಾರಣ ಅಳುಕಾದರೆ ಮದ್ದು ಕೂಡ ಅಳುಕಿಗೇ ಬೇಕು. "ನಾಳೆಯಿಂದ ಐದು ಗಂಟೆ ಬರೆಯುತ್ತೇನೆ" ಎಂಬ ಶಪಥ ಅಳುಕನ್ನು ಬೆಳೆಸುತ್ತದೆ. ಬದಲಿಗೆ ಕೆಲಸವನ್ನು ಹೆದರಿಕೆಯಾಗದಷ್ಟು ಚಿಕ್ಕದು ಮಾಡಿ, ಅದಕ್ಕೊಂದು ಜಾಗ, ಒಂದು ಹೊತ್ತು ಗೊತ್ತುಮಾಡಬೇಕು. ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ ಇದನ್ನು ಬರವಣಿಗೆಯ ಮೂಲಕವೇ ಪರೀಕ್ಷಿಸಿದರು. ಕ್ರಿಸ್‌ಮಸ್ ಹಬ್ಬದ ಮುನ್ನಾದಿನವನ್ನು ಹೇಗೆ ಕಳೆದಿರಿ ಎಂದು ಎರಡು ದಿನದೊಳಗೆ ಬರೆದು ಕಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಎಲ್ಲಿ, ಯಾವಾಗ ಕೂತು ಬರೆಯುತ್ತೇವೆ ಎಂದು ಮೊದಲೇ ಗುರುತು ಹಾಕಿಕೊಂಡವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನ ಕಳಿಸಿದರು. ಉಳಿದವರಲ್ಲಿ ಕಳಿಸಿದವರು ಮೂರನೇ ಒಂದರಷ್ಟು ಮಾತ್ರ. 1997ರ ಈ ಫಲಿತಾಂಶದ ಸಾರ: "ಬರೆಯುತ್ತೇನೆ" ಎನ್ನುವುದಕ್ಕಿಂತ "ಬೆಳಿಗ್ಗೆ ಕಾಫಿ ಕುಡಿದ ಲೋಟ ಕೆಳಗಿಟ್ಟ ಕೂಡಲೇ ಜಗಲಿಯ ಮೇಲೆ ಕೂತು ಹತ್ತು ಸಾಲು ಬರೆಯುತ್ತೇನೆ" ಎನ್ನುವುದು ಹೆಚ್ಚು ಫಲ ಕೊಡುತ್ತದೆ. ಆಗ ಎದ್ದು ಹೋಗಲೋ ಬೇಡವೋ ಎಂಬ ಚರ್ಚೆಗೆ ಮನಸ್ಸಿಗೆ ಎಡೆಯೇ ಸಿಗುವುದಿಲ್ಲ.

ಎರಡನೆಯ ಉಪಾಯ ಬಿಡಿ ಗಡುವು. ಡ್ಯಾನ್ ಏರಿಯಲಿ ಮತ್ತು ಕ್ಲಾವುಸ್ ವರ್ಟನ್‌ಬ್ರೋಖ್ 2002ರಲ್ಲಿ ವರದಿ ಮಾಡಿದ ಪ್ರಯೋಗವೊಂದರಲ್ಲಿ ಜನರಿಗೆ ಬರಹಗಳ ತಪ್ಪು ತಿದ್ದುವ ಕೆಲಸ ಕೊಡಲಾಗಿತ್ತು. ಸಮನಾದ ಅಂತರದ ಗಡುವುಗಳನ್ನು ಹೊರಗಿನಿಂದ ಕೊಟ್ಟಾಗ ಕೆಲಸ ಎಲ್ಲಕ್ಕಿಂತ ಚೆನ್ನಾಗಿ ಆಯಿತು, ತಾವೇ ಗಡುವು ಹಾಕಿಕೊಂಡಾಗ ಮಧ್ಯಮ, ಕೊನೆಗೆ ಒಂದೇ ಗಡುವಿದ್ದಾಗ ಎಲ್ಲಕ್ಕಿಂತ ಕಡಿಮೆ. ಆದ್ದರಿಂದ ಗೆಳೆಯರಿಬ್ಬರು ವಾರಕ್ಕೊಮ್ಮೆ ಕೂತು ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುವ ಏರ್ಪಾಡು, ವರ್ಷಕ್ಕೊಂದು ಪುಸ್ತಕದ ಸಂಕಲ್ಪಕ್ಕಿಂತ ಮೇಲು.

ಮೂರನೆಯದು, ತನ್ನನ್ನು ತಾನು ಹಳಿದುಕೊಳ್ಳುವುದನ್ನು ಬಿಡುವುದು. ಪಿಚಿಲ್ ಮತ್ತು ಸಹೋದ್ಯೋಗಿಗಳ 2010ರ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದುಕೊಂಡಷ್ಟೂ ನೋಟ್‌ಬುಕ್ ಕಂಡಾಗಿನ ಕಸಿವಿಸಿ ಹೆಚ್ಚುತ್ತದೆ, ತಪ್ಪಿಸಿಕೊಳ್ಳುವ ಆಸೆಯೂ ಹೆಚ್ಚುತ್ತದೆ.

ಒಂದು ಎಚ್ಚರಿಕೆ ಬೇಕು. ಬರವಣಿಗೆ ಮಾತ್ರವಲ್ಲ, ಸ್ನಾನ, ಊಟ, ಕೆಲಸ, ಜನರ ಒಡನಾಟ ಎಲ್ಲದರಲ್ಲೂ ವಾರಗಟ್ಟಲೆ ಮನಸ್ಸು ನಿಲ್ಲದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಉಪಾಯಗಳಲ್ಲ, ವೈದ್ಯರು ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಬರೆಯದಿದ್ದರೆ ಹೋಗುವುದೇನು?

ಡಿವಿಜಿಯವರು 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳಲ್ಲಿ ತಾವು ಕಂಡ ಜನರನ್ನು ಬರೆದಿಟ್ಟರು. ಮುಳಬಾಗಿಲಿನ ಅಂದಿನ ಬದುಕು ನಮಗೆ ಇಂದು ಅಷ್ಟಾದರೂ ಕಾಣುವುದು ಅವರು ಬರೆದದ್ದರಿಂದ. ಕೋಲಾರ ಜಿಲ್ಲೆ ಸಾವಿರಾರು ಕೆರೆಗಳ ನಾಡು. ಯಾವ ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ತಲೆಮಾರುಗಳಿಂದ ಬಲ್ಲ ನೀರುಗಂಟಿಗಳ ತಿಳಿವಳಿಕೆ ಬಹುಪಾಲು ಬಾಯಲ್ಲೇ ಉಳಿದಿದೆ. ಹಳೆಯ ನಾಟಿ ಮಾವಿನ ಮರಗಳಿಗೆ ಮನೆಯವರು ಇಟ್ಟ ಹೆಸರುಗಳು, ಕನ್ನಡ ತೆಲುಗು ಎರಡನ್ನೂ ಬೆರೆಸಿ ಅಜ್ಜಿಯರು ಹೇಳುವ ಕಥೆಗಳು, ಬರಗಾಲದ ನೆನಪುಗಳು ಕೂಡ ಹಾಗೆಯೇ. ಇವನ್ನು ಬಲ್ಲವರಿಗೆ ವಯಸ್ಸಾಗಿದೆ. ಇನ್ನೊಂದು ಸುಗ್ಗಿ ಕಾಯುವಷ್ಟು ಸಮಯ ನಮಗಿರಬಹುದು, ಅವರಿಗೆ ಇಲ್ಲದಿರಬಹುದು.

ಆದ್ದರಿಂದ ಶುರುಮಾಡುವುದು ಸುಲಭದಿಂದಲೇ ಆಗಲಿ. ಈ ವಾರ ಮನೆಯ ಅಥವಾ ಬೀದಿಯ ಒಬ್ಬ ಹಿರಿಯರನ್ನು ಆರಿಸಿ. ಯಾವ ದಿನ, ಎಷ್ಟು ಹೊತ್ತಿಗೆ ಹೋಗುತ್ತೀರೆಂದು ಅವರಿಗೇ ಹೇಳಿಬಿಡಿ. ಅದೇ ನಿಮ್ಮ ಗಡುವು. ಒಂದೇ ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಒಂದು ಪುಟ ಬರೆದುಕೊಳ್ಳಿ. ಭಾಷೆ ಒರಟಾಗಿರಲಿ, ತೆಲುಗು ಬೆರೆತಿರಲಿ, ಸಾಲು ತಪ್ಪಿರಲಿ. ಅದನ್ನೆಲ್ಲ ಆಮೇಲೆ ನೀವೇ ತಿದ್ದಬಹುದು, ಇಲ್ಲವೇ ಮುಂದೆ ಓದುವವರು ತಿದ್ದಿಯಾರು. ತಿದ್ದಲು ಅವರ ಕೈಯಲ್ಲಿ ಒಂದು ಪುಟವಾದರೂ ಇರಬೇಕು, ಅಷ್ಟೆ.